ಕೋಳಿಗೆ ಬಂದ ಜ್ವರ

ಥರ್ಮಾಮೀಟರ್ ಹಿಡಿದು ಕೋಳಿಯ ಮುಂದೆ ನಿಂತ ಮನುಷ್ಯ ಇಡೀ ಗಿರಿನಗರದಲ್ಲಿ ನಾನೊಬ್ಬನೇ ಇರಬೇಕು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ಕೈಹಾಕುವವನು ಮೊದಲು ಸಾಮಾನು ಕೊಳ್ಳುತ್ತಾನೆ, ಆಮೇಲೆ ಯೋಚಿಸುತ್ತಾನೆ. ನಿವೃತ್ತನಾದ ಮೇಲೆ ನಾನು ಹಿತ್ತಿಲಲ್ಲಿ ಕೋಳಿಗೂಡು ಕಟ್ಟಿಸಿದ್ದೂ ಹಾಗೆಯೇ. ಹೆಗ್ಗಣ ಬಿಲ ತೋಡಿ ಒಳಗೆ ಬಾರದಂತೆ ಮಣ್ಣಿನಲ್ಲಿ ಒಂದಡಿ ಆಳಕ್ಕೆ ಜಾಲರಿ ಹೂಳಿಸಿದೆ. ಹದ್ದಿಗೆ ಹೆದರಿ, ಕೋಳಿಗಳು ಓಡಾಡುವ ಜಾಗದ ಮೇಲೂ ಬಲೆ ಕಟ್ಟಿಸಿದೆ. "ಮನೆ ಕಟ್ಟಿಸುವಾಗ ಇಷ್ಟು ಮುತುವರ್ಜಿ ತೋರಿಸಿದ್ರೆ ಅಡುಗೆಮನೆ ಸೋರ್ತಿರ್ಲಿಲ್ಲ" ಎಂದಳು ನನ್ನ ಹೆಂಡತಿ ಸರೋಜ.

ನಾಲ್ಕು ಹೆಣ್ಣುಕೋಳಿಗಳು ಬಂದವು. ಹುಂಜ ತರುವುದಿಲ್ಲವೆಂದು ಪಕ್ಕದ ಮನೆಯವರಿಗೆ ಮಾತು ಕೊಟ್ಟಿದ್ದೆ. ಅವರು ಎಂಟು ಗಂಟೆಗೆ ಮುಂಚೆ ಏಳುವವರಲ್ಲ. ನಾವು ಮೊಟ್ಟೆ ತಿನ್ನುವವರಲ್ಲ, ಹಾಗಾಗಿ ಮೊಟ್ಟೆಗಳೆಲ್ಲ ಮಹಡಿಯಲ್ಲಿ ಬಾಡಿಗೆಗಿರುವ ಗದಗಿನ ಹುಡುಗಿ ರೇಣುಕಾಗೆ ಹೋಗುತ್ತಿದ್ದವು. ಬೆಳಿಗ್ಗೆ ಗೂಡು ಗುಡಿಸಿ, ನೆಲಕ್ಕೆ ಹಾಸಿದ ಹೊಟ್ಟು ಬದಲಿಸಿ, ನೀರಿಟ್ಟರೆ ಯಾರೋ ನನಗಾಗಿ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ನನಗೆ ಅಷ್ಟೇ ಸಾಕಿತ್ತು.

ಹೀಗಿರುವಾಗ ನಾಲ್ಕರಲ್ಲಿ ಒಂದಾದ ನಮ್ಮ ಕೆಂಪಿ ಗೂಡು ಬಿಟ್ಟು ಏಳದಾಯಿತು. ಮೇವಿಲ್ಲ, ನೀರಿಲ್ಲ. ಹೊಟ್ಟೆ ಮುಟ್ಟಿದರೆ ಸುಡುತ್ತಿತ್ತು. ಸತ್ತೇಹೋಗುತ್ತದೆಂದು ಹೆದರಿದೆ. ಥರ್ಮಾಮೀಟರ್ ತಂದು, ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಾಗ ರೇಣುಕಾ ಇಳಿದು ಬಂದಳು.

"ಜ್ವರ ಅಲ್ರೀ ಅಂಕಲ್, ಕಾವಿಗೆ ಕುಂತೈತಿ. ಮರಿ ಮಾಡಬೇಕಂತ ಅದಕ್ಕ."

"ಕೆಳಗೆ ಮೊಟ್ಟೆನೇ ಇಲ್ವಲ್ಲಮ್ಮ? ದಿನಾ ನಿಂಗೇ ಕೊಟ್ಟಿದ್ದೀನಿ."

"ಅದಕ್ಕೇನ್ ಗೊತ್ತಾಗ್ತೈತ್ರಿ? ಹಿಂಗ ಬಿಟ್ರ ಸೊರಗಿ ಸತ್ತ ಹೋದೀತು. ದಿನಾ ಎಬ್ಬಿಸಿ ಹೊರಗ ಬಿಡ್ರಿ, ಗೂಡಿನ ಬಾಗ್ಲಾ ಹಾಕ್ರಿ."

ನನಗೆ ನಾಚಿಕೆಯಾಯಿತು. ಹೆಗ್ಗಣಕ್ಕೆ ಏನು ಬೇಕು, ಹದ್ದಿಗೆ ಏನು ಬೇಕು, ಪಕ್ಕದ ಮನೆಯವರಿಗೆ ಏನು ಬೇಡ ಎಂದೆಲ್ಲ ಯೋಚಿಸಿದ್ದೆ. ಕೋಳಿಗೆ ಏನು ಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಕುಕ್ಕಿಸಿಕೊಂಡು ಅದನ್ನು ಎತ್ತಿ ಹೊರಗೆ ಬಿಡುತ್ತಿದ್ದೆ. ಅದು ಮುಚ್ಚಿದ ಬಾಗಿಲ ಮುಂದೆಯೇ ರೆಕ್ಕೆ ಕೆದರಿ ಕೂರುತ್ತಿತ್ತು. ನಾನೂ ಪಕ್ಕದಲ್ಲಿ ಬಕೆಟ್ ಬೋರಲು ಹಾಕಿ ಕೂತು, ಅಂಗೈಯಲ್ಲಿ ಜೋಳ ಹಿಡಿದು "ತಿನ್ನೇ ತಾಯಿ" ಎನ್ನುತ್ತಿದ್ದೆ. ನಾಲ್ಕು ದಿನ ಅದು ನನ್ನ ಮುಖವನ್ನೂ ನೋಡಲಿಲ್ಲ. ಐದನೆಯ ದಿನ ಒಂದು ಕಾಳು ಹೆಕ್ಕಿತು, ಇನ್ನೊಂದು ಹೆಕ್ಕಿತು, ಮೈ ಕೊಡವಿ ಎದ್ದು ಮಿಕ್ಕವುಗಳ ಜೊತೆ ಮಣ್ಣು ಕೆದಕಲು ಹೋಯಿತು. ತಿರುಗಿಯೂ ನೋಡಲಿಲ್ಲ. ಬದುಕಿತಲ್ಲ ಎಂದು ಸಂತೋಷಪಟ್ಟೆ. ಜೊತೆಗೇ, ಏನೆಂದು ಹೇಳಲಿ, ಬಕೆಟ್ ಬಿಟ್ಟು ಏಳಲು ಮನಸ್ಸೂ ಬರಲಿಲ್ಲ.

ಮರುದಿನವೂ ಹೋಗಿ ಕೂತೆ. ಅದರ ಮರುದಿನವೂ. ಮೂರನೆಯ ದಿನ ಕಾಫಿ ಆರಿಹೋಗುತ್ತಿದೆಯೆಂದು ಎರಡು ಸಲ ಕೂಗಿದ ಸರೋಜ, ಹಿತ್ತಿಲಿಗೆ ಬಂದು ಮಹಡಿಯತ್ತ ಕತ್ತೆತ್ತಿದಳು.

"ರೇಣುಕಾ, ಕೋಳಿ ಎದ್ದು ಮೂರು ದಿನ ಆಯ್ತು. ಇವರನ್ನ ಎಬ್ಬಿಸೋದು ಹೇಗಮ್ಮ?"

ಮೇಲಿನಿಂದ ನಗು ಕೇಳಿಸಿತು. ನಾನು ಏಳಲಿಲ್ಲ. ನನ್ನ ಕೆಳಗೂ ಒಂದು ಬೋರಲು ಬಕೆಟ್ ಬಿಟ್ಟರೆ ಏನೂ ಇರಲಿಲ್ಲ.