ಕೆಂಪು ಕೊರಳಿನ ಮದುಮಗಳು

ಹಾಸನದ ಸ್ಕೂಲಿನಲ್ಲಿ ಪ್ರಕೃತಿ ಪಾಠ ಹೇಳುವವನು ನಾನು. ಹಕ್ಕಿಗಳಲ್ಲಿ ಗಂಡು ಹೆಣ್ಣು ಗುರುತಿಸಲು ನನಗೆ ಯಾರ ಸಲಹೆಯೂ ಬೇಕಿರಲಿಲ್ಲ.

ಯುದ್ಧಕ್ಕೆ ಹೊರಟ ಕಾಫಿ ತೋಟದ ದೊರೆಯೊಬ್ಬ ಒಂದು ಜೊತೆ ಆಫ್ರಿಕದ ಹಕ್ಕಿಗಳನ್ನು ನನಗೆ ಕೊಟ್ಟು ಹೋದ. ಗುಬ್ಬಿಗಿಂತ ಚಿಕ್ಕವು, ಮಣ್ಣಿನ ಬಣ್ಣ, ಮೈತುಂಬ ಕಂದು ಚುಕ್ಕೆ. ಒಂದರ ಕೊರಳಿಗೆ ಮಾತ್ರ ಈ ಕಿವಿಯಿಂದ ಆ ಕಿವಿಯವರೆಗೆ ರಕ್ತಗೆಂಪು ಪಟ್ಟಿ. ನನ್ನ ಹೆಂಡತಿ ಪದ್ಮಾವತಿ ಚನ್ನರಾಯಪಟ್ಟಣದ ಜೈನರ ಮನೆಯ ಮಗಳು. ಯಾರೋ ಕತ್ತು ಕೊಯ್ದಿದ್ದಾರೆಂದು ಅಳುತ್ತಾ ಅದಕ್ಕೆ ಅರಿಸಿನ ಮೆತ್ತಿದಳು. ನಾನು ನಕ್ಕು, ಒದ್ದೆ ಬಟ್ಟೆಯಲ್ಲಿ ಒರೆಸಿ, ಅದು ಹುಟ್ಟು ಬಣ್ಣವೆಂದು ತಿಳಿಹೇಳಿದೆ. ಅವಳಿಗೆ ಪಂಜರವೇ ಪಾಪ.

"ಗಂಡ ಹೆಂಡ್ತಿ ಜೊತೇಲಿರೋ ತನಕ ಇಟ್ಕೊಳ್ಳಿ. ಅಗಲಿಸಿದ್ರೆ ಬಾಗಿಲು ತೆಗೆದುಬಿಡ್ತೀನಿ" ಎಂದಳು.

ತೆಗೆದರೆ ಕಾಗೆಗೆ ತುತ್ತು. ನನಗೋ ಅವುಗಳ ಮೇಲೆ ಪ್ರಾಣ.

ಕೆಂಪು ಕೊರಳಿನದೇ ಹೆಣ್ಣೆಂದು ತೀರ್ಮಾನಿಸಿದೆ. ಅಲಂಕಾರ ಹೆಣ್ಣಿಗೆ ತಾನೆ? ಹಾಡುವುದು, ಕುಣಿಯುವುದು, ಗೂಡಿಗೆಂದು ಇಟ್ಟ ಕುಡಿಕೆಗೆ ಹತ್ತಿ ಸಾಗಿಸುವುದು, ಎಲ್ಲ ಅದೇ. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಸಪ್ಪೆ ಹಕ್ಕಿ ಗಂಡು. ಅದನ್ನು ಕಂಡರೆ ನನ್ನನ್ನೇ ಕಂಡಂತಾಗುತ್ತಿತ್ತು.

ಹೊಳೆನರಸೀಪುರದ ಅಂಗಡಿ ರಂಗಪ್ಪನ ಬಳಿಯೂ ಇಂಥದೇ ಒಂಟಿ ಹಕ್ಕಿ ಇತ್ತು. ತನ್ನದು ಗಂಡು, ಹೆಣ್ಣು ಬೇಕೆಂದು ಕಾಗದ ಬರೆದ. ಅದರ ಕೊರಳು ಯಾವ ಬಣ್ಣವೆಂದು ನಾನು ಕೇಳಲಿಲ್ಲ. ಪದ್ಮಾವತಿ ತವರಿಗೆ ಹೋಗಿದ್ದಳು. ಎಂಟು ದಿನದ ಮಟ್ಟಿಗೆ ಎಂದು ನನ್ನ ಕೆಂಪು ಕೊರಳಿನ ಮದುಮಗಳನ್ನು ಬಸ್ಸಿನವರ ಕೈಯಲ್ಲಿ ಕಳಿಸಿದೆ.

ಮಾರನೆಯ ಬೆಳಿಗ್ಗೆ ಗಂಡು ಮೊಟ್ಟೆ ಇಟ್ಟಿತು!

ಕನ್ನಡಕ ಒರೆಸಿಕೊಂಡು ನೋಡಿದೆ. ಬಿಳಿ ಮೊಟ್ಟೆಯೇ. ಮರುದಿನ ಇನ್ನೊಂದು. ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಪದ್ಮಾವತಿ ಹೇಳಿದ ದಿನಕ್ಕಿಂತ ಮುಂಚೆಯೇ ಬಂದಿಳಿದಳು. ಗಂಡು ಮೊಟ್ಟೆ ಇಟ್ಟಿದೆ ಎಂದೆ. ಅವಳು ಮೊಟ್ಟೆ ನೋಡಲಿಲ್ಲ, ನನ್ನನ್ನು ನೋಡಿದಳು.

"ಅದರ ಗಂಡ ಎಲ್ರೀ?"

ಸಂಜೆಯವರೆಗೆ ಗಡುವು ಕೊಟ್ಟಳು. ಪೆಟ್ರೋಲಿಲ್ಲದ ಆ ಯುದ್ಧಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋದೆ. ರಂಗಪ್ಪನ ಪಂಜರದಲ್ಲಿ ಎರಡು ಕೆಂಪು ಕೊರಳುಗಳು ಪುಕ್ಕ ಕಿತ್ತುಕೊಂಡು ಕಾದಾಡುತ್ತಿದ್ದವು.

"ಒಳ್ಳೇ ಎಣ್ಣು ಕೊಟ್ರಿ ಸಾ" ಎಂದ ರಂಗಪ್ಪ. "ನಿಮ್ದು ಯಾವ್ದೋ ನೋಡ್ಕಂಡು ತಗಂಡೋಗಿ."

ನೋಡಿದೆ. ಎರಡೂ ಒಂದೇ ಥರ. ಅವನಿಗೂ ಗೊತ್ತಾಗಲಿಲ್ಲ. ಗುರುತಿಗೆಂದು ಇದ್ದದ್ದು ಪದ್ಮಾವತಿಯ ಅರಿಸಿನ ಒಂದೇ, ಅದನ್ನೂ ನಾನೇ ಒರೆಸಿದ್ದೆ. ಕೈಗೆ ಸಿಕ್ಕಿದ್ದನ್ನು ಹಿಡಿದು ತಂದೆ.

ಪಂಜರಕ್ಕೆ ಬಿಟ್ಟ ಕೂಡಲೇ ಸಪ್ಪೆ ಹಕ್ಕಿ ಕುಡಿಕೆಯಿಂದ ಎದ್ದು ಬಂದು ಅದರ ತಲೆಗೆ ಟಪ್ಪನೆ ಕುಕ್ಕಿತು. ರಂಗಪ್ಪನ ಹಕ್ಕಿಯನ್ನೇ ತಂದುಬಿಟ್ಟೆ ಎಂದುಕೊಂಡೆ.

ಪದ್ಮಾವತಿಯ ಮುಖ ಮಾತ್ರ ಅರಳಿತು. "ಇವನೇ ಕಣ್ರೀ. ಕಟ್ಟಿಕೊಂಡ ಗಂಡನಿಗಲ್ಲದೆ ಬೇರೆ ಯಾರಿಗೆ ಹೀಗೆ ಕುಕ್ತಾರೆ?"

ಹೌದೆಂದೆ. ನಿಜಕ್ಕೂ ಅದು ನಮ್ಮದೇ ಹಕ್ಕಿಯೋ ಅಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಮರುದಿನ ಕ್ಲಾಸಿನಲ್ಲಿ ಹಕ್ಕಿಗಳ ಪಾಠ ಬಿಟ್ಟು ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯೇ ಕಾಣುವ ಕುಂಬಳದ ಬಳ್ಳಿಯ ಪಾಠಕ್ಕೆ ಹೋದೆ.