ಸೈಕಲ್ಲು ಹತ್ತಲು ಒಂದು ಕಲ್ಲು

ಸೈಕಲ್ಲಿನಿಂದ ಇಳಿಯುವುದು ನನಗೆ ಎಂದೂ ಕಷ್ಟವೆನಿಸಿಲ್ಲ. ಎಷ್ಟೋ ಸಲ ನಾನು ಮನಸ್ಸು ಮಾಡುವ ಮೊದಲೇ ಇಳಿದುಬಿಟ್ಟಿರುತ್ತೇನೆ. ಹತ್ತುವುದು ಮಾತ್ರ ಮೊಣಕಾಲೆತ್ತರದ ಕಲ್ಲೊಂದು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ನಲವತ್ತೈದನೆಯ ವಯಸ್ಸಿನಲ್ಲಿ ಕಲಿತ ವಿದ್ಯೆ ಇಷ್ಟೇ. ನಮ್ಮ ಮನೆ ಮಾಳಮಡ್ಡಿಯಲ್ಲಿ. ನಾನು ಮಾಸ್ತರಿಕೆ ಮಾಡುವ ಶಾಲೆ ಧಾರವಾಡದ ಇನ್ನೊಂದು ತುದಿಯಲ್ಲಿ, ಅದೂ ಬೆಳಗಿನ ಶಾಲೆ. ಹೊಸ ಹೆಡ್‌ಮಾಸ್ತರರು ಬಂದ ಮೇಲೆ, ಗಂಟೆ ಹೊಡೆದ ನಂತರ ಬಂದವರ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತು ಬೀಳತೊಡಗಿತು. ಮೂರು ಗುರುತಾದವರು ದೀಪಾವಳಿ ರಜೆಯಲ್ಲಿ ಶಾಲೆಗೆ ಬಂದು ಪುಸ್ತಕದ ಕಪಾಟುಗಳ ಧೂಳು ಝಾಡಿಸಬೇಕು. ನನಗೆ ಆಗಲೇ ಎರಡು ಬಿದ್ದಿದ್ದವು. ಹಬ್ಬಕ್ಕೆ ಗಬ್ಬೂರಿಗೆ ಬರುತ್ತೇವೆಂದು ಮಾವನವರಿಗೆ ಕಾಗದವೂ ಹೋಗಿತ್ತು.

ಆ ಎರಡೂ ಗುರುತುಗಳು ನನ್ನ ಹೆಂಡತಿಯ ಸಲಹೆಯ ಫಲ. "ಪ್ಯಾಟ್ಯಾಗ ಟಾಂಗಾ, ಚಕ್ಕಡಿ, ಮೋಟಾರು. ನೀವು ಗಿಡದ ನೆರಳಿನ ರಸ್ತಾ ಹಿಡದ ಹೋಗ್ರಿ, ಅಲ್ಲೆ ಒಂದು ನಾಯಿ ಸುದ್ದಾ ಅಡ್ಡ ಬರೂದಿಲ್ಲ" ಎಂದಿದ್ದಳು. ನಾಯಿ ಬರಲಿಲ್ಲ, ಖರೆ. ಬಂದವರು ನಮ್ಮ ಓಣಿಯ ರಾಘಪ್ಪಕಾಕಾ. ಊರಿನ ಪಿಂಚಣಿದಾರರೆಲ್ಲ ಬೆಳಗಿನ ತಿರುಗಾಟಕ್ಕೆ ಆರಿಸಿಕೊಂಡದ್ದು ಅದೇ ರಸ್ತೆ. ಹಿರಿಯರು ಎದುರಾದಾಗ ಸೈಕಲ್ಲಿನ ಮೇಲೆ ಕುಳಿತೇ ಹೋಗುವುದುಂಟೆ? ಇಳಿದು ಕೈಮುಗಿದೆ. "ಏನಪಾ ಮಾಸ್ತರ, ಮನ್ಯಾಗ ಎಲ್ಲಾರೂ ಆರಾಮ ಏನು?" ಆರಾಮ ಎಂದು ಹೇಳಿ, ಕಲ್ಲು ಹುಡುಕಿ ಹತ್ತಿದರೆ, ಮುಂದಿನ ತಿರುವಿನಲ್ಲಿ ಅವರ ಬೀಗರು.

ಆಗ ನನಗೆ ಹೊಳೆಯಿತು: ಪೇಟೆಯ ರಸ್ತೆಯೇ ಕ್ಷೇಮ. ಚಕ್ಕಡಿಯ ಎತ್ತಿಗೆ ಯಾರೂ ಇಳಿದು ನಮಸ್ಕಾರ ಮಾಡಬೇಕಾಗಿಲ್ಲ. ಎಂಟು ದಿನ ಟಾಂಗಾದವರ ಬೈಗುಳ ತಿನ್ನುತ್ತ, ಗಂಟೆಗಿಂತ ಮೊದಲೇ ಶಾಲೆ ಮುಟ್ಟಿದೆ.

ಒಂಬತ್ತನೆಯ ದಿನ ಪೇಟೆಯ ನಡುವೆ ಹಿಂದಿನಿಂದ ಸೈಕಲ್ಲೊಂದು ಬಂದು ನಿಂತಿತು. ನೋಡಿದರೆ ಹೆಡ್‌ಮಾಸ್ತರರು, ನನ್ನನ್ನು ಕಂಡು ಇಳಿದು ಕೈಮುಗಿಯುತ್ತಿದ್ದಾರೆ. ಒಂದು ಕಾಲಕ್ಕೆ ಮೂರನೇ ತರಗತಿಯಲ್ಲಿ ಅವರು ನನ್ನ ವಿದ್ಯಾರ್ಥಿ. ಮೇಲಧಿಕಾರಿ ಇಳಿದು ನಿಂತಾಗ ನಾನು ಕೂತಿರುವುದು ಹೇಗೆಂದು ನಾನೂ ಇಳಿದೆ. ಸುತ್ತ ನೋಡಿದರೆ ಹತ್ತಲು ಒಂದು ಕಲ್ಲಿಲ್ಲ. ಅಂಗಡಿಯ ಕಟ್ಟೆಗಳ ಮೇಲೆಲ್ಲ ಮೆಣಸಿನಕಾಯಿ ಚೀಲ.

"ನೀವು ಮುಂದ ನಡೀರಿ ಸಾಹೇಬರ, ನಾ ಸಾವಕಾಶ ಬರ್ತೇನಿ" ಎಂದೆ.

"ಗುರುಗಳು ನಡಕೋತ ಹೊಂಟಾಗ ನಾ ಸೈಕಲ್ ಹತ್ತೂದು ಹ್ಯಾಂಗ್ರಿ? ಮೂರನೇ ಇಯತ್ತ್ಯಾಗ ನೀವ ಹೇಳಿದ್ರಿ."

ನನಗೆ ಹತ್ತಲು ಬರುವುದಿಲ್ಲವೆಂದು ಶಿಷ್ಯನೆದುರು ಹೇಳಲು ನಾಲಿಗೆ ಏಳಲಿಲ್ಲ. ಇಬ್ಬರೂ ಸೈಕಲ್ಲು ತಳ್ಳಿಕೊಂಡು ನಡೆದೆವು. ಶಾಲೆ ಇನ್ನೂ ಎರಡು ಓಣಿ ದೂರವಿದ್ದಾಗ ಗಂಟೆ ಕೇಳಿಸಿತು.

ಅವರೂ ತಡವಾಗಿದ್ದರಿಂದ ಈ ಸಲ ಬಿಟ್ಟಾರು ಎಂಬ ಆಸೆ ನನಗಿತ್ತು. ಹೆಡ್‌ಮಾಸ್ತರರು ಮೊದಲು ತಮ್ಮ ಹೆಸರಿನ ಮುಂದೆ ಕೆಂಪು ಗುರುತು ಹಾಕಿಕೊಂಡರು, ಆಮೇಲೆ ನನ್ನ ಹೆಸರಿನ ಮುಂದೆ ಹಾಕಿದರು. ಪ್ರಾಮಾಣಿಕವಾಗಿರಬೇಕೆಂಬ ಪಾಠವನ್ನೂ ಅದೇ ಮೂರನೇ ಇಯತ್ತೆಯಲ್ಲಿ ನಾನೇ ಹೇಳಿದ್ದೆ.

ಹೆಂಡತಿ ಒಬ್ಬಳೇ ಗಬ್ಬೂರಿಗೆ ಹೋಗಿದ್ದಾಳೆ. ನಾನು ಕಪಾಟುಗಳ ನಡುವೆ ಕೆಮ್ಮುತ್ತಿದ್ದೇನೆ. ಆದರೂ ಇಷ್ಟು ಚೆನ್ನಾಗಿ ಕಲಿಸಿದ್ದೆನಲ್ಲ ಎಂದು ಒಳಗೊಳಗೇ ಹಿಗ್ಗಾಗುತ್ತದೆ. ರಜೆ ಮುಗಿದ ಮೇಲೆ ಸ್ವಲ್ಪ ಕಡಿಮೆ ಚೆನ್ನಾಗಿ ಕಲಿಸಬೇಕೆಂದಿದ್ದೇನೆ.