ಬೀಸುಕಲ್ಲು ಮಡಗಾಂವಿಗೆ ಹೋದದ್ದು

ನಮ್ಮ ಮಾವನವರು ನನ್ನ ಮುಖವನ್ನೇ ನೋಡದೆ ನನ್ನನ್ನು ಸೊಸೆಯೆಂದು ಒಪ್ಪಿಕೊಂಡವರು ಎಂದರೆ ನೀವು ನಂಬುವುದಿಲ್ಲ. ಬಿಡಿ, ನಮ್ಮ ಅಪ್ಪನೂ ನಂಬಿರಲಿಲ್ಲ! ದುಡಿಯಲು ಹೋಗಿ ನೆಲೆಸಿದ್ದ ಗೋವಾದಿಂದ ಬಾಗಲಕೋಟೆ ಕಡೆಯ ನಮ್ಮ ಹಳ್ಳಿಗೆ ಮಗನಿಗಾಗಿ ಹೆಣ್ಣು ನೋಡಲು ಬಂದ ಮನುಷ್ಯ, ಅವಲಕ್ಕಿ ತಿಂದು, ಚಹಾ ಕುಡಿದು, ನನ್ನನ್ನು ಎದುರಿಗೆ ಕೂಡಿಸಿದ ಕೂಡಲೇ ಗಟ್ಟಿಯಾಗಿ ಕಣ್ಣು ಮುಚ್ಚಿಬಿಟ್ಟರು. ಪ್ರಯಾಣದ ದಣಿವಿಗೆ ನಿದ್ದೆ ಹತ್ತಿತೆಂದು ನಮ್ಮವ್ವ ತಲೆದಿಂಬು ತರಲು ಎದ್ದಳು.

"ಏನರ ಮಾತಾಡ ಯವ್ವಾ," ಎಂದರು ಕಣ್ಣು ಮುಚ್ಚಿಕೊಂಡೇ.

"ಏನ್ ಮಾತಾಡ್ಲಿರಿ?" ಎಂದೆ.

"ಸಾಕು! ಈ ಧ್ವನಿ ನಮ್ಮ ಮನ್ಯಾಗ ಇರಲಿ."

ಮುಗಿಯಿತು ಪರೀಕ್ಷೆ! ಬಣ್ಣ, ಎತ್ತರ, ಅಡುಗೆ, ಏನೂ ಕೇಳಲಿಲ್ಲ. ಪಕ್ಕದಲ್ಲಿದ್ದ ಅತ್ತೆ ಹಣೆ ಚಚ್ಚಿಕೊಂಡು, "ಗಾಬರಿ ಆಗಬ್ಯಾಡ್ರಿ, ಇವರು ಬದನಿಕಾಯಿನೂ ಹಿಂಗ ಬಾರಿಸಿ ಕೇಳೇ ತರೂದು," ಎಂದು ನಮ್ಮವರಿಗೆ ಸಮಾಧಾನ ಹೇಳಿದರು. ಬದನೆಕಾಯಿಯ ಸಾಲಿನಲ್ಲಿ ನಿಂತು ಪಾಸಾದ ನಾನು ಅಳಲೋ ನಗಲೋ ತಿಳಿಯದೆ ಒಳಗೆ ಓಡಿದೆ.

ಮದುವೆಯಾಗಿ ಗೋವಾದ ಗಣಿಯೂರು ಡಿಚೋಲಿಗೆ ಬಂದ ಮೇಲೆ ಗೊತ್ತಾಯಿತು, ಈ ಮನುಷ್ಯನಿಗೆ ಜಗತ್ತೆಲ್ಲ ಕಿವಿಯಿಂದಲೇ. ರಸ್ತೆಯಲ್ಲಿ ಅದಿರಿನ ಲಾರಿ ಹಾದುಹೋದರೆ, ಕೂತಲ್ಲಿಂದಲೇ "ಇದರ ಹಿಂದಿನ ಗಾಲಿ ಬೇರಿಂಗ್ ಹೋಗೇತಿ" ಎನ್ನುವರು. ನಾನು ರೊಟ್ಟಿ ಬಡಿಯುತ್ತಿದ್ದರೆ ಹೊರಗಿನಿಂದಲೇ "ಹಿಟ್ಟು ಹದ ಆಗಿಲ್ಲ" ಎಂದು ಕೂಗುವರು. ಅವರು ಕೇಳದೆ ಬಿಟ್ಟದ್ದು ಅತ್ತೆಯ ಮಾತೊಂದೇ. ಅದು ಕಿವಿಯ ದೋಷವಲ್ಲ, ಗಂಡಸರೆಲ್ಲರ ದೋಷ!

ಆದರೆ ಕಿವಿಯ ದೋಷವೂ ಬಂತು. ಗಣಿಯಲ್ಲಿ ಅದಿರು ಪುಡಿ ಮಾಡುವ ಕ್ರಶರ್ ಮುಂದೆ ನಿಂತು ನಿಂತು ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಮೆಲ್ಲಗೆ ಮುಚ್ಚುತ್ತಿದೆ, ಔಷಧವಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾವೆಲ್ಲ ಮುಖ ಸಣ್ಣದು ಮಾಡಿ ಕೂತಿದ್ದೆವು. ಮಾವನವರು ಮಾತ್ರ, "ನನ್ನ ಕಿವಿ ಭಾಳ ಮರ್ಯಾದಸ್ಥ ಐತಿ. ಹೋಗೂ ಮುಂದ ಹೇಳಿ ಹೊಂಟೈತಿ," ಎಂದು ನಕ್ಕರು.

ಇಂಥ ಹೊತ್ತಿನಲ್ಲಿ ಮನೆಗೆ ಆ ಸಿ.ಡಿ. ಬಂತು. ತೊಂಬತ್ತರ ದಶಕದ ನಡುವಿನ ಮಾತು. ಅತ್ತೆ ಅಂಜುಣೆ ಕಡಲತೀರದ ಬುಧವಾರದ ಸಂತೆಯಲ್ಲಿ ಕೌದಿ ಮಾರುತ್ತಿದ್ದರು. ಕೌದಿ ಕೊಂಡ ವಿದೇಶಿ ಹೆಂಗಸೊಬ್ಬಳು ಅತ್ತೆ ಗುನುಗುವುದನ್ನು ಕೇಳಿ, ಹಾಡು ಹಿಡಿಯುವ ಯಂತ್ರ ಹೊತ್ತು ನಮ್ಮ ಮನೆಗೇ ಬಂದಿದ್ದಳು. ಹಿಟ್ಟಿನ ಗಿರಣಿ ಬಂದ ಮೇಲೆ ಮಂಚದ ಕೆಳಗೆ ಸೇರಿದ್ದ ಬೀಸುಕಲ್ಲನ್ನು ಹೊರಗೆಳೆದು ಅತ್ತೆ ಬೀಸುತ್ತಾ ಹಾಡಿದರು, ನಾನು ಎದುರಿಗೆ ಕೂತು ಜೋಳ ಹಾಕಿದೆ. ಮಾವನವರು ಡ್ಯೂಟಿಯಲ್ಲಿದ್ದರು. ಆಕೆ ಹೋದಳು, ನಾವು ಮರೆತೆವು. ಎಷ್ಟೋ ಕಾಲದ ಮೇಲೆ ಟಪಾಲಿನಲ್ಲಿ ಬಂತು ಹೊಳೆಯುವ ತಟ್ಟೆ!

ಮನೆಯಲ್ಲಿ ಮಾವನವರೇ ಜೋಡಿಸಿದ ಆಂಪ್ಲಿಫೈಯರಿತ್ತು, ಪ್ಲೈವುಡ್ಡಿನ ಎರಡು ಸ್ಪೀಕರುಗಳಿದ್ದವು. ಸಿ.ಡಿ. ಪ್ಲೇಯರ್ ಎಲ್ಲಿಂದ ಬರಬೇಕು? ಪಕ್ಕದ ಕೇರಿಯಲ್ಲಿ ಹಡಗಿನ ಕೆಲಸ ಮುಗಿಸಿ ಬಂದ ಒಬ್ಬ ಮುದುಕನಿದ್ದ. ಅಂಥವರಿಗೆ ಗೋವಾದಲ್ಲಿ ತಾರ್ವಟಿ ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಅವನ ಮನೆಯಲ್ಲಿ ಮಾವನವರು ಮೊದಲ ಸಲ ಆ ಹಾಡು ಕೇಳಿ ಬಂದರು. ಮರುದಿನ ಮತ್ತೆ ಹೋಗಿ, ತಾರ್ವಟಿ ಮೂಲೆಗಿಟ್ಟಿದ್ದ ಹಳೆಯ ಪ್ಲೇಯರನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಅದು ತಟ್ಟೆಯನ್ನು ಓದುತ್ತಿತ್ತು, ಧ್ವನಿ ಹೊರಡಿಸುವ ಭಾಗ ಮಾತ್ರ ಸುಟ್ಟಿತ್ತು. ಆ ಕೆಲಸಕ್ಕೆ ಬೇರೆಯೇ ಒಂದು ಪೆಟ್ಟಿಗೆ ಬೇಕಂತೆ, ಡಿಜಿಟಲ್‌ ಅನ್ನು ಅನಲಾಗ್ ಮಾಡುವ ಪೆಟ್ಟಿಗೆ, ಡ್ಯಾಕ್ ಅಂತ ಹೆಸರು. ತಾರ್ವಟಿಯ ಹತ್ತಿರ ಒಂದಿತ್ತು, ಮಾವನವರು ಹಾಡು ಕೇಳಿ ಬಂದದ್ದೂ ಅದರಲ್ಲೇ, ಆದರೆ ಅದನ್ನವನು ಕೊಡಲೊಲ್ಲ.

"ಈ ತಟ್ಟಿಯೊಳಗ ಹಾಡಿಲ್ಲ, ಬರೇ ಅಂಕಿ ಅದಾವು," ಎಂದು ಮಾವನವರು ನಮಗೆ ಪಾಠ ಹೇಳಿದರು.

"ಹಾಡಿಲ್ಲದ ಮ್ಯಾಲ ಯಾಕ ಕುಣ್ಯಾಕತ್ತೀರಿ?" ಎಂದರು ಅತ್ತೆ.

"ನೀ ಹಪ್ಪಳ ಒಣಗಿಸಿ ಡಬ್ಬಿಗೆ ಹಾಕಿರ್ತಿ. ಹಂಗ ತಿಂತಾರೇನು? ಕರೀಬೇಕು. ಈ ತಟ್ಟಿ ಅಂದ್ರ ಒಣ ಹಪ್ಪಳ, ಆ ಪೆಟ್ಟಿಗಿ ಅಂದ್ರ ಎಣ್ಣಿ. ಎಣ್ಣಿ ಕೆಟ್ಟಿದ್ರ ಹಪ್ಪಳ ಏನ್ ಮಾಡೀತು?"

ಅಂದಿನಿಂದ ನಮ್ಮ ಮನೆಯಲ್ಲಿ ಡ್ಯಾಕ್ ಎಂಬುದಕ್ಕೆ ಎಣ್ಣೆ ಪೆಟ್ಟಿಗೆ ಎಂದೇ ಹೆಸರಾಯಿತು.

"ನಾ ಮನ್ಯಾಗ ಜೀವಂತ ಕುಂತೇನಿ. ಹಾಡ ಬೇಕಂದ್ರ ಕಲ್ಲ ತಗೀರಿ, ಹಾಡ್ತೇನಿ. ಪೆಟ್ಟಿಗಿ ಯಾಕ ಬೇಕು?" ಎಂದು ಅತ್ತೆ ನ್ಯಾಯವಾಗಿಯೇ ಕೇಳಿದರು.

"ನಿನಗ ತಿಳಿಯೂದಿಲ್ಲ ಬಿಡು. ಕಿವಿ ಇರೂದ್ರಾಗ ಚಲೋ ಪೆಟ್ಟಿಗಿ ಆರಿಸಬೇಕು, ಆಮ್ಯಾಲ ಆರಿಸಿ ಏನ್ ಉಪಯೋಗ?"

ಆ ಮಾತಿಗೆ ಅತ್ತೆ ಕರಗಿದರು. ಅವರ ದುರ್ಬಲ ಜಾಗ ಅದೊಂದೇ, ಮಾವನವರು ಅದನ್ನು ಹಿಡಿದೇ ಮುಂದಿನ ಅನಾಹುತವನ್ನೆಲ್ಲ ಮಾಡಿದರು. ಏನನಾಹುತ ಅಂತೀರಾ? ಪೆಟ್ಟಿಗೆ ಖರೇ ಹೇಳುತ್ತದೋ ಸುಳ್ಳು ಹೇಳುತ್ತದೋ ತಾಳೆ ನೋಡಲು ಅತ್ತೆ ಅದನ್ನು ಮಾರುವ ಮಡಗಾಂವಿನ ಅಂಗಡಿಗೇ ಬಂದು, ಪೆಟ್ಟಿಗೆಯ ಪಕ್ಕದಲ್ಲಿ ಕೂತು ಹಾಡಬೇಕು! ಅತ್ತೆ ಒಂದೇ ಮಾತು ಹೇಳಿದರು: "ಬೀಸೂ ಪದ ಖಾಲಿ ಕೈಲೆ ಹಾಡಬಾರದು. ನಮ್ಮವ್ವ ಹಾಡಿಲ್ಲ, ನಾನೂ ಹಾಡೂದಿಲ್ಲ." ಇದರಿಂದ ಪೀಡೆ ತೊಲಗಿತೆಂದು ಅವರು ತಿಳಿದಿದ್ದರು. ಪಾಪ, ಇಷ್ಟು ವರ್ಷ ಸಂಸಾರ ಮಾಡಿದರೂ ಗಂಡನ ಪರಿಚಯ ಪೂರ್ತಿ ಆಗಿರಲಿಲ್ಲ.

ಬೀಸುಕಲ್ಲು ಬಸ್ಸು ಹತ್ತಿತು! ಮೇಲಿನ ಕಲ್ಲು ಒಂದು ಚೀಲದಲ್ಲಿ, ಕೆಳಗಿನದು ಇನ್ನೊಂದರಲ್ಲಿ, ಜೋಳದ ಗಂಟು ನನ್ನ ತೊಡೆಯ ಮೇಲೆ.

"ಯೇ ಕ್ಯಾ ಹೈ ಬಾಬಾ?" ಎಂದ ಕಂಡಕ್ಟರ್.

"ತಬಲಾ," ಎಂದರು ಮಾವನವರು, ಒಂದಿಷ್ಟೂ ನಗದೆ.

ಕಂಡಕ್ಟರ್ ಚೀಲ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ. "ತಬಲೇ ಕಾ ಫುಲ್ ಟಿಕೆಟ್ ಲಗೇಗಾ. ತುಮ್ ಸೇ ಭಾರೀ ಹೈ!" ಮಾವನವರಿಗಿಂತ ತಬಲಾನೇ ಭಾರ, ಅದಕ್ಕೂ ಪೂರ್ತಿ ಟಿಕೆಟ್ಟಂತೆ!

ಮಡಗಾಂವಿನ ಆ ಅಂಗಡಿಯಲ್ಲಿ ನೆಲಕ್ಕೆ ಜಮಖಾನ ಹಾಸಿದ್ದರು, ಎ.ಸಿ. ಗುಂಯ್‌ಗುಡುತ್ತಿತ್ತು. ಅಂಗಡಿಯವನು ನಾವು ಚೀಲ ಬಿಚ್ಚುವುದನ್ನು ನೋಡಿ, "ಪಿಶೆಂ ಲಾಗ್ಲಾಂ ಕಿತೆಂ?" ಎಂದು ತಲೆಯ ಮೇಲೆ ಕೈ ಹೊತ್ತ. ಹುಚ್ಚು ಹಿಡಿದಿದೆಯೇ ಎಂದು ಕೇಳುವುದು ತಪ್ಪಲ್ಲ, ನಮಗೂ ಅದೇ ಸಂಶಯವಿತ್ತು. ಆದರೆ ಅತ್ತೆ ಸೆರಗು ಸಿಕ್ಕಿಸಿ, ಕಾಲು ಚಾಚಿ ಕೂತು, ಗೂಟ ಹಿಡಿದು ಒಂದು ನುಡಿ ಎತ್ತಿದರೋ ಇಲ್ಲವೋ, ಹೊರಗೆ ಹೋಗುತ್ತಿದ್ದವರೂ ಒಳಗೆ ಬಂದು ನಿಂತರು. ಒಂದು ನುಡಿ ಅತ್ತೆಯದು, ಒಂದು ನುಡಿ ಪೆಟ್ಟಿಗೆಯದು. ಮಾವನವರು ಬಲಗಿವಿ ಮುಂದೆ ಮಾಡಿ, ಕಣ್ಣು ಮುಚ್ಚಿ ನಿಂತಿದ್ದರು.

ನಡುವೆ ನನ್ನ ಕಡೆ ತಿರುಗಿ, "ನೀನೂ ಏನರ ಮಾತಾಡ ಯವ್ವಾ," ಎಂದರು.

"ಇಲ್ಲಿ ಏನ್ ಮಾತಾಡ್ಲಿರಿ, ಮಾವ?"

"ಸಾಕು."

ಇದ್ಯಾಕೆ ಬಂತಪ್ಪ ನಡುವೆ ಎಂದು ನಾಚಿಕೆಯಿಂದ ಜೋಳ ಹಾಕುವುದನ್ನೇ ಮರೆತೆ.

ಕೊನೆಗೆ ಅಂಗಡಿಯವನು ನೀಲಿ ದೀಪದ, ಎಲ್ಲಕ್ಕಿಂತ ತುಟ್ಟಿಯ ಪೆಟ್ಟಿಗೆ ಜೋಡಿಸಿದ. ಆಹಾ! ಅತ್ತೆಯ ಧ್ವನಿ ಜೇನಿನಂತೆ ಹರಿಯಿತು. ಅಂಗಡಿಯವನೇ ಚಪ್ಪಾಳೆ ತಟ್ಟಿದ. ಮಾವನವರು ತಲೆ ಅಲ್ಲಾಡಿಸಿದರು.

"ಬ್ಯಾಡ. ಇದ್ರಾಗ ಇಕಿ ಇರೂದಕ್ಕಿಂತ ಚಲೋ ಹಾಡ್ತಾಳ."

"ಯಾಕ, ನಾ ಚಲೋ ಹಾಡಿದ್ರ ನಿಮಗ ಹೊಟ್ಟಿಕಿಚ್ಚೇನು?"

"ಇಕಿ ಯಾರೋ ರೇಡಿಯೋದಾಕಿ. ನನಗ ನಮ್ಮ ಮನಿ ಬೇಕು."

ಬೇರೆ ಊರುಗಳಲ್ಲಿ ಇನ್ನೂ ಎರಡು ಅಂಗಡಿ ಆಯಿತು, ಅಲ್ಲೂ ಅದೇ ಕತೆ. ಪೆಟ್ಟಿಗೆ ಬರಲಿಲ್ಲ, ಜಮಖಾನದ ಮೇಲೆ ಬೀಸಿದ ಹಿಟ್ಟು ಮಾತ್ರ ಬಂತು. ಎಣ್ಣೆ ತರಲು ಹೋಗಿ ಹಿಟ್ಟು ತಂದ ಭೂಪ ಎಂದು ಅತ್ತೆ ಎಷ್ಟೋ ದಿನ ಆಡಿಕೊಂಡರು. ಆ ಹಿಟ್ಟಿನ ರೊಟ್ಟಿ ಭಾಳ ಚಲೋ ಆಗಿದ್ದವು, ಅದು ಬೇರೆ ಮಾತು.

ಅಷ್ಟರಲ್ಲಿ ಬಲಗಿವಿ ಇನ್ನಷ್ಟು ಮಂದವಾಗಿತ್ತು. ಲಾರಿಗಳ ಬೇರಿಂಗಿನ ಸುದ್ದಿ ನಿಂತಿತು. ನನ್ನ ರೊಟ್ಟಿಯ ಹದದ ಬಗ್ಗೆಯೂ ಯಾರೂ ಕೂಗಲಿಲ್ಲ. ಬೈಸಿಕೊಳ್ಳದೆ ರೊಟ್ಟಿ ಬಡಿಯುವಾಗ ಅಳು ಬರುತ್ತದೆಂದು ನನಗೆ ಆಗಲೇ ಗೊತ್ತಾದದ್ದು. ಅತ್ತೆ ಒಂದು ಭಾನುವಾರ ಶೇಂಗಾ ಚಟ್ನಿಪುಡಿಯ ಡಬ್ಬಿ ಕಟ್ಟಿಕೊಂಡು ತಾವೇ ತಾರ್ವಟಿಯ ಮನೆಗೆ ಹೋದರು. ಏನು ಮಾತಾಡಿದರೋ, ಅವರಿಗೆ ಕೊಂಕಣಿ ಬಾರದು, ಅವನಿಗೆ ಕನ್ನಡ ಬಾರದು. ಕಿವಿ ಮುಟ್ಟಿ ತೋರಿಸಿ ಕಣ್ಣೊರೆಸಿಕೊಂಡರಂತೆ. ಸಂಜೆ ತಾರ್ವಟಿಯೇ ಆ ಪೆಟ್ಟಿಗೆ ಹೊತ್ತು ಬಂದ. ಕರಿ ಕಬ್ಬಿಣದ್ದು, ದೀಪವಿಲ್ಲ, ಒಂದು ಮೂಲೆ ನೆಗ್ಗಿದ್ದು. ಇದಕ್ಕಾಗಿಯೇ ಮಡಗಾಂವಿನ ತನಕ ಕಲ್ಲು ಹೊತ್ತೆವೇ!

ಜೋಡಿಸಿದರು. ಕಲ್ಲಿನ ಗರಗರ, ಅತ್ತೆಯ ದಪ್ಪ ಧ್ವನಿ, ನುಡಿ ನುಡಿಯ ನಡುವೆ ಅವರ ಏದುಸಿರು, ಎಲ್ಲ ಇದ್ದದ್ದು ಇದ್ದಂತೆ. ಸ್ಪೀಕರಿಗೆ ಬಲಗಿವಿ ಹಚ್ಚಿ ಕೂತಿದ್ದ ಮಾವನವರು ಒಂದು ಕಡೆ ಥಟ್ಟನೆ ಕೈ ಎತ್ತಿದರು.

"ಈಗ ಕೇಳ್ರಿ!"

ಕೇಳಿದೆವು. ಕಲ್ಲು ನಿಂತ ಗಳಿಗೆಯಲ್ಲಿ, ದೂರದಿಂದ ಬಂದಂತೆ, ಸಣ್ಣಗೆ ಒಂದು ಧ್ವನಿ: "ಅತ್ತಿ, ನಿಮ್ಮ ತೋಳ ನೋಯ್ತಾವು. ನೀವು ಹಾಡ್ರಿ ಸಾಕು, ನಾ ಬೀಸ್ತೇನಿ."

ನನ್ನದು! ನಾನು ಅಂದದ್ದು ನನಗೇ ನೆನಪಿರಲಿಲ್ಲ. ಅಂಗಡಿಗಳ ಯಾವ ಪೆಟ್ಟಿಗೆಯಲ್ಲೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

"ಮೊದಲನೇ ಸಲ ಕೇಳಿದಾಗಿಂದ ಇದನ್ನ ಹುಡಕಾಕತ್ತಿದ್ದೆ," ಎಂದರು ಮಾವನವರು. "ಜೀವಮಾನ ಎಲ್ಲಾ ಕ್ರಶರ್ ಮುಂದ ನಿಂತೆ. ನಾ ಇಲ್ಲದಾಗ ನನ್ನ ಮನಿ ಹೆಂಗಿರತೈತಿ ಅಂತ ಒಂದ ಸಲ ಕೇಳಬೇಕಿತ್ತು. ಕೇಳಿದೆ. ನಾ ಆರಿಸಿದ ಧ್ವನಿ ತಪ್ಪಾಗಿಲ್ಲ ಯವ್ವಾ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಎದ್ದು ಒಳಗೆ ಓಡಿದೆ, ಹೆಣ್ಣು ನೋಡಿದ ದಿನ ಓಡಿದಂತೆಯೇ. ಸಾಲು ಹೆಣ್ಣುಮಕ್ಕಳಿದ್ದ ತವರಿನಲ್ಲಿ ನಾನೇನೆಂದರೂ ಯಾರೂ ತಿರುಗಿ ನೋಡಿದವರಲ್ಲ. ಇಲ್ಲೊಬ್ಬರು, ಹೋಗುತ್ತಿರುವ ಒಂದೇ ಕಿವಿಯನ್ನು ಹಿಡಿದುಕೊಂಡು, ನನ್ನ ಒಂದು ಮಾತಿಗಾಗಿ ಊರೂರು ಬೀಸುಕಲ್ಲು ಹೊತ್ತಿದ್ದರು. ಇಂಥ ಮನೆಗೆ ಬಂದ ನನ್ನ ಪುಣ್ಯ ದೊಡ್ಡದು.

ಮುಂದಿನ ಮಳೆಗಾಲದ ಹೊತ್ತಿಗೆ ಬಲಗಿವಿಯೂ ಮುಚ್ಚಿತು. ಆಮೇಲೆ ಮಾವನವರು ದಿನವೂ ಸಂಜೆ ನನ್ನನ್ನು ಕರೆದು ಎದುರಿಗೆ ಕೂಡಿಸಿಕೊಳ್ಳುತ್ತಿದ್ದರು. ಈಗ ಕಣ್ಣು ಅಗಲವಾಗಿ ತೆರೆದು, ನನ್ನ ತುಟಿಯನ್ನೇ ನೋಡುತ್ತಾ.

"ಏನರ ಮಾತಾಡ ಯವ್ವಾ."

"ಏನ್ ಮಾತಾಡ್ಲಿರಿ?"

"ಸಾಕು," ಎನ್ನುತ್ತಿದ್ದರು. "ಕೇಳಿಸ್ತು."